ಬೀರುವಿನೊಳಗಿನ ಗೂಡ್ಸ್ ಗಾಡಿ

ಗವಿಪುರದ ನಮ್ಮ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ತೇಗದ ಬೀರು ಇದೆ. ಮೊದಲ ಸಲ ಬಂದವರು ಅದರೊಳಗೆ ಬೆಳ್ಳಿಯ ಸಾಮಾನೋ, ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಬಂದ ಸನ್ಮಾನದ ಫಲಕಗಳೋ ಇರಬಹುದೆಂದು ಇಣುಕಿ ನೋಡಿ, ನಿರಾಶರಾಗಿ ಹಿಂದೆ ಸರಿಯುವುದುಂಟು. ಅದರಲ್ಲಿರುವುದು ರೈಲಿನ ವ್ಯಾಗನ್ನುಗಳು. ಅದೂ ಜನ ಕೂರುವ ಬೋಗಿಗಳಲ್ಲ, ಕಲ್ಲಿದ್ದಲು, ಸಿಮೆಂಟು, ಗೋಧಿ, ಸೀಮೆಎಣ್ಣೆ ತುಂಬುವ ಗೂಡ್ಸ್ ಡಬ್ಬಿಗಳು. ಒಟ್ಟು ಅರವತ್ತನಾಲ್ಕು. ಎಂಜಿನ್ ಒಂದೂ ಇಲ್ಲ. ಸತ್ಯನಾರಾಯಣ ಪೂಜೆಗೆ ಬಂದಿದ್ದ ಪುರೋಹಿತರೊಬ್ಬರು, "ಎಂಜಿನ್ನೇ ಇಲ್ಲದ ಮೇಲೆ ಇವೆಲ್ಲ ಹೋಗೋದು ಎಲ್ಲಿಗೆ ಮೇಷ್ಟ್ರೇ?" ಎಂದು ಕೇಳಿದ್ದರು. ನಿವೃತ್ತಿಯಾದವರು ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ ಸ್ವಾಮಿ, ಎಂದೆ. ಅವರು ನಕ್ಕರು, ನನ್ನಾಕೆ ನಗಲಿಲ್ಲ. ಆ ಬೀರುವನ್ನು ಅವಳ ತವರಿನವರು ಕೊಟ್ಟದ್ದು ರೇಷ್ಮೆ ಸೀರೆಗಳಿಗಾಗಿ.

ಈ ಸಂಗ್ರಹಕ್ಕೆ ನಾನೇ ವಿಧಿಸಿಕೊಂಡ ನಿಯಮವೊಂದಿದೆ. ಬೀರುವಿನೊಳಗೆ ಪ್ರವೇಶ ಪಡೆಯುವ ಪ್ರತಿಯೊಂದು ಮಾದರಿಗೂ ನಿಜವಾದ ಪ್ರತಿರೂಪವೊಂದಿರಬೇಕು. ಅದನ್ನು ನಾನು ಕಣ್ಣಾರೆ ಕಂಡಿರಬೇಕು. ಅದರ ಪಕ್ಕೆಯ ಮೇಲಿನ ಸಂಖ್ಯೆಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡಿರಬೇಕು. ಅದೇ ಸಂಖ್ಯೆಯನ್ನು ಮಾದರಿಯ ಮೇಲೂ ಬರೆಯಬೇಕು. ಕಲ್ಪನೆಯ ವ್ಯಾಗನ್ನಿಗೆ ಇಲ್ಲಿ ಸ್ಥಳವಿಲ್ಲ. ಈ ನಿಯಮವನ್ನು ನಾನು ಎರಡು ಸಲ ಮುರಿದಿದ್ದೇನೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ. ಆದರೆ ಮೇಷ್ಟರ ಬಾಯಿ, ನೇರವಾಗಿ ವಿಷಯಕ್ಕೆ ಬರುವ ಅಭ್ಯಾಸವಿಲ್ಲ.

ಇದೆಲ್ಲ ಆರಂಭವಾದದ್ದು ಪಾಠದ ನೆಪದಲ್ಲಿ. 1985ರ ಸುಮಾರಿನಲ್ಲಿ ಎಂಟನೆಯ ತರಗತಿಗೆ ಅನುಪಾತದ ಪಾಠ ಮಾಡುತ್ತಿದ್ದೆ. 'ಒಂದಕ್ಕೆ ನೂರು' ಎಂದರೆ ಮಕ್ಕಳ ಕಣ್ಣಿನಲ್ಲಿ ಏನೂ ಮಿನುಗುತ್ತಿರಲಿಲ್ಲ. ಒಂದು ಭಾನುವಾರ ಕುಳಿತು, ಮನೆಗೆ ಬಂದಿದ್ದ ಲಗ್ನಪತ್ರಿಕೆಗಳ ದಪ್ಪ ರಟ್ಟನ್ನು ಬ್ಲೇಡಿನಿಂದ ಕತ್ತರಿಸಿ, ಫೆವಿಕಾಲ್ ಹಾಕಿ ಅಂಟಿಸಿ, ನೂರನೆಯ ಒಂದು ಪಾಲಿನ ವ್ಯಾಗನ್ ಮಾಡಿದೆ. ಗಾಲಿಗಳ ಜಾಗದಲ್ಲಿ ಅಂಗಿಯ ಗುಂಡಿಗಳು. ಬಣ್ಣಕ್ಕೆ ಮನೆಯ ಮುಂದಿನ ಜಗಲಿಗೆ ಬಳಿಯಲು ತಂದಿದ್ದ ಕಾವಿ. ವಿಚಿತ್ರವೆಂದರೆ ಗೂಡ್ಸ್ ವ್ಯಾಗನ್ನಿನ ಬಣ್ಣಕ್ಕೂ ನಮ್ಮ ಜಗಲಿಯ ಕಾವಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, "ಇದರ ಉದ್ದ ಅಳೆಯಿರಿ, ನಿಜವಾದದ್ದರ ಉದ್ದ ಹೇಳಿರಿ" ಎಂದಾಗ ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಂತರು. ಆ ದಿನದ ಪಾಠ ನನ್ನ ಮೂವತ್ತಕ್ಕೂ ಹೆಚ್ಚು ವರ್ಷಗಳ ವೃತ್ತಿಯಲ್ಲಿ ಚೆನ್ನಾಗಿ ನಡೆದ ಕೆಲವೇ ಪಾಠಗಳಲ್ಲಿ ಒಂದು.

ಪಾಠ ಮುಗಿಯಿತು, ಹುಚ್ಚು ಮುಗಿಯಲಿಲ್ಲ. ಮುಂದೆ ಅಮೆರಿಕಕ್ಕೆ ಹೋದ ಮಗ, ಅಲ್ಲಿನ ಹವ್ಯಾಸಿಗಳು ಬಳಸುವ ಲೋಹದ ಗಾಲಿಗಳನ್ನೂ ಕೇಡಿ ಎಂಬ ಕಂಪನಿಯ ಕೊಂಡಿಗಳನ್ನೂ ತಂದುಕೊಟ್ಟ. ಅವು 'ಎಚ್.ಓ.' ಎಂಬ ಅಳತೆಯವು, ಎಂದರೆ 87ನೆಯ ಒಂದು ಪಾಲು. ನಾನು ಭಕ್ತಿಯಿಂದ ಹಳೆಯ ರಟ್ಟಿನ ವ್ಯಾಗನ್ನುಗಳನ್ನೆಲ್ಲ ಬೀದಿಯ ಮಕ್ಕಳಿಗೆ ಹಂಚಿ, 87ರ ಲೆಕ್ಕದಲ್ಲಿ ಹೊಸದಾಗಿ ಮಾಡತೊಡಗಿದೆ. ಹನ್ನೆರಡು ವ್ಯಾಗನ್ ಮುಗಿದ ಮೇಲೆ ಒಂದು ರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತೆ. ಆ ಗಾಲಿಗಳು ಓಡುವ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1435. ಅದು ಯೂರೋಪು, ಅಮೆರಿಕಗಳ ಹಳಿಯ ಅಗಲ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದನ್ನು ನೂರರಿಂದ ಭಾಗಿಸಿದರೆ 16.76! ಅಂದರೆ ನನ್ನ ಹಳೆಯ ನೂರರ ಲೆಕ್ಕದ ವ್ಯಾಗನ್ನುಗಳಿಗೆ ಮಗ ತಂದ ಗಾಲಿಗಳು ಹೇಳಿ ಮಾಡಿಸಿದಂತೆ ಹೊಂದುತ್ತಿದ್ದವು. ಜೀವನವಿಡೀ ಅನುಪಾತ ಕಲಿಸಿದವನು ಅನುಪಾತದಲ್ಲಿಯೇ ಎಡವಿದ್ದೆ. ಹಂಚಿದ್ದನ್ನು ವಾಪಸು ಕೇಳುವುದೆಂತು? ನನ್ನ ಬೀರುವಿನ ಬ್ರಾಡ್ ಗೇಜ್ ವ್ಯಾಗನ್ನುಗಳೆಲ್ಲವೂ ಇಂದಿಗೂ ಕೊಂಚ ಕಾಲು ಕೂಡಿಸಿಕೊಂಡೇ ನಿಂತಿವೆ.

ಆದರೂ ಆ 87 ನನಗೊಂದು ಸಂತೋಷವನ್ನೂ ಕೊಟ್ಟಿತು. ಕಲ್ಲಿದ್ದಲು, ಅದಿರುಗಳಿಗಾಗಿ ದೇಶದಾದ್ಯಂತ ಓಡುವ 'ಬಿ.ಓ.ಎಕ್ಸ್.ಎನ್.' ಎಂಬ ವ್ಯಾಗನ್ನನ್ನು ನೀವೆಲ್ಲ ನೋಡಿರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ಲೆವೆಲ್ ಕ್ರಾಸಿಂಗಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಶಪಿಸುತ್ತ ಎಣಿಸುತ್ತೇವಲ್ಲ, ಆ ಎತ್ತರದ ಪಕ್ಕೆಯ, ಮೇಲೆ ಮುಚ್ಚಳವಿಲ್ಲದ ಡಬ್ಬಿ. ಅಕ್ಷರಗಳಿಗೂ ಅರ್ಥವಿದೆ: 'ಬಿ' ಎಂದರೆ ಬೋಗಿಯ ಮೇಲೆ ಕುಳಿತದ್ದು, 'ಓ' ಎಂದರೆ ತೆರೆದದ್ದು, 'ಎಕ್ಸ್' ಎಂದರೆ ಎತ್ತರದ ಪಕ್ಕೆಯದು, 'ಎನ್' ಎಂದರೆ ಗಾಳಿಯ ಒತ್ತಡದ ಬ್ರೇಕಿನದು. ಕೊಂಡಿಯಿಂದ ಕೊಂಡಿಗೆ ಅದರ ಉದ್ದ 10.713 ಮೀಟರ್, 87ರಿಂದ ಭಾಗಿಸಿದರೆ ಸರಿಯಾಗಿ 123 ಮಿಲಿಮೀಟರ್. ತುಂಬಿದಾಗ ಒಟ್ಟು ತೂಕ 81.28 ಟನ್. ತೂಕವನ್ನು 87ರಿಂದ ಭಾಗಿಸಬಾರದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87ನ್ನು ಮೂರು ಸಲ ಗುಣಿಸಿ ಬರುವ 6,58,503ರಿಂದ ಭಾಗಿಸಬೇಕು. ಉತ್ತರ 123 ಗ್ರಾಂ. 123 ಮಿಲಿಮೀಟರ್, 123 ಗ್ರಾಂ! ಇದು ಬರಿಯ ಕಾಕತಾಳೀಯ, ಇದರಲ್ಲಿ ಯಾವ ಗೂಢಾರ್ಥವೂ ಇಲ್ಲವೆಂಬುದು ನನಗೆ ಗೊತ್ತು. ಆದರೂ ಆ ದಿನ ಅಡುಗೆಮನೆಯ ತಕ್ಕಡಿಯಲ್ಲಿ ಸೀಸದ ಚೂರುಗಳನ್ನಿಟ್ಟು ನನ್ನ ಮಾದರಿಯನ್ನು ನಿಖರವಾಗಿ 123 ಗ್ರಾಮಿಗೆ ತಂದೆ.

ವ್ಯಾಗನ್ನುಗಳ ಪಕ್ಕೆಯ ಮೇಲಿನ ಹನ್ನೊಂದು ಅಂಕಿಗಳ ವಿಷಯ ಹೇಳದಿದ್ದರೆ ಗಣಿತದ ಮೇಷ್ಟರಿಗೆ ಅವಮಾನ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ: ಮೂವತ್ತರಿಂದ ಮೊದಲಾದರೆ ಮುಚ್ಚಿದ ಡಬ್ಬಿ, ನಲವತ್ತರಿಂದಾದರೆ ಟ್ಯಾಂಕರ್. ಮುಂದಿನ ಎರಡು, ಒಡೆತನದ ವಲಯ. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಆರಂಭಿಸಿದ ನಮ್ಮ ನೈಋತ್ಯ ರೈಲ್ವೆಯದು 15. ಅನಂತರದ ಎರಡು, ತಯಾರಾದ ವರ್ಷ. ಆಮೇಲೆ ನಾಲ್ಕು, ಆ ವ್ಯಾಗನ್ನಿನ ಸ್ವಂತ ಸಂಖ್ಯೆ. ಹನ್ನೊಂದನೆಯದು ಕಾವಲುಗಾರ. ಸಮಸ್ಥಾನದ ಅಂಕಿಗಳನ್ನೆಲ್ಲ ಕೂಡಿಸಿ ಮೂರರಿಂದ ಗುಣಿಸಿ, ಅದಕ್ಕೆ ಬೆಸಸ್ಥಾನದ ಅಂಕಿಗಳ ಮೊತ್ತ ಸೇರಿಸಿ; ಮುಂದಿನ ಹತ್ತರ ಅಪವರ್ತ್ಯಕ್ಕೆ ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಉದಾಹರಣೆಗೆ 3115062417 ಎಂದಿದ್ದರೆ, ಸಮಸ್ಥಾನದ ಮೊತ್ತ 23, ಅದರ ಮೂರರಷ್ಟು 69, ಬೆಸಸ್ಥಾನದ್ದು 7, ಒಟ್ಟು 76, ಎಂಬತ್ತಕ್ಕೆ ನಾಲ್ಕು ಬೇಕು. ಕೊನೆಯ ಅಂಕಿ 4. ಬರೆದುಕೊಳ್ಳುವವನು ಒಂದಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ. ಗೇಟಿನ ಬಳಿ ನಿಂತು ಓಡುವ ಗಾಡಿಯ ಸಂಖ್ಯೆಯನ್ನು ಬರೆದುಕೊಳ್ಳುವ ನನ್ನಂಥ ಮುದುಕನಿಗೆ ಈ ಕಾವಲುಗಾರ ಎಷ್ಟೋ ಸಲ ಕನ್ನಡಕದ ಕೆಲಸ ಮಾಡಿದ್ದಾನೆ.

ಪ್ರಯಾಣಿಕರ ರೈಲನ್ನು ಬಿಟ್ಟು ಇದೇಕೆ ಎಂದು ಕೇಳುವವರಿಗೆ ನಾನು ಹೇಳುವುದು, ನಮ್ಮ ದೇಶದಲ್ಲಿ ಮೊದಲು ರೈಲು ಹತ್ತಿದ್ದು ಮನುಷ್ಯನಲ್ಲ, ಕಲ್ಲು. ಮುಂಬಯಿ-ಠಾಣೆಯ ಪ್ರಯಾಣಿಕರ ಗಾಡಿ 1853ರದು. ಅದಕ್ಕೂ ಮೊದಲು, 1837ರಲ್ಲಿಯೇ ಮದರಾಸಿನ ರೆಡ್ ಹಿಲ್ಸ್ ಹಳಿಯ ಮೇಲೆ ರಸ್ತೆಯ ಕೆಲಸಕ್ಕೆ ಗ್ರಾನೈಟ್ ಸಾಗುತ್ತಿತ್ತು. 1851ರಲ್ಲಿ ರೂರ್ಕಿಯ ಬಳಿ ಸೋಲಾನಿ ನದಿಯ ಮೇಲುಗಾಲುವೆಯ ಕೆಲಸದಲ್ಲಿ ರೈಲು ಹೊತ್ತದ್ದು ಮಣ್ಣು. ನಾವು ಮನುಷ್ಯರು ಕಲ್ಲುಮಣ್ಣುಗಳ ಆಮೇಲೆ ಬಂದವರು. ಇಷ್ಟು ಹೇಳಿದರೂ ಕೇಳಿದವರಿಗೆ ಸಮಾಧಾನವಾಗದು. ಯಾಕೆಂದರೆ ಅದು ನಿಜವಾದ ಕಾರಣವಲ್ಲ.

ನಿಜವಾದ ಕಾರಣ ನಮ್ಮ ತಂದೆ. ಅವರನ್ನು ನಾವು ಮಕ್ಕಳು 'ಅಣ್ಣ' ಎಂದು ಕರೆಯುತ್ತಿದ್ದೆವು; ಹಳೇ ಮೈಸೂರಿನ ಅನೇಕ ಮನೆಗಳಲ್ಲಿ ಹಾಗೆಯೇ ರೂಢಿ. ಅಣ್ಣ ಮೀಟರ್ ಗೇಜಿನಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಆ ಹೆಸರೂ ಈಗಿಲ್ಲ. 2022ರ ಜನವರಿಯಲ್ಲಿ ಗಾರ್ಡ್ ಎಂಬುದನ್ನು ತೆಗೆದು 'ಟ್ರೈನ್ ಮ್ಯಾನೇಜರ್' ಎಂದು ಮಾಡಿದರು. ಅಣ್ಣ ಬದುಕಿದ್ದರೆ ಆ ಪದವಿಯನ್ನು ಕೇಳಿ ಏನೆನ್ನುತ್ತಿದ್ದರೋ. ಅವರ ಮ್ಯಾನೇಜ್‌ಮೆಂಟೆಲ್ಲ ಗಾಡಿಯ ಕಟ್ಟಕಡೆಯ ಬ್ರೇಕ್ ವ್ಯಾನಿನೊಳಗೆ: ಒಂದು ಹಲಗೆಯ ಆಸನ, ಕೈಯಿಂದ ತಿರುಗಿಸುವ ಬ್ರೇಕಿನ ಚಕ್ರ, ಸೀಮೆಎಣ್ಣೆಯ ದೀಪಗಳು, ಕೆಂಪು ಹಸಿರು ಬಾವುಟ, ಅಪಾಯವಾದರೆ ಹಳಿಯ ಮೇಲಿಟ್ಟು ಸಿಡಿಸುವ ಡಿಟೊನೇಟರುಗಳ ಡಬ್ಬಿ, ಹೆಸರು ಬರೆದ ತಗಡಿನ ಲೈನ್ ಬಾಕ್ಸ್. ಶೌಚಕ್ಕೆ ಜಾಗವಿಲ್ಲ, ಮಾತಿಗೆ ಜನವಿಲ್ಲ. ಮುಂದೆ ಮೂವತ್ತು ನಲವತ್ತು ಡಬ್ಬಿಗಳಾಚೆ ಎಂಜಿನ್ನಿನ ಹೊಗೆ.

ಬೆಂಗಳೂರು-ಮೈಸೂರು ಹಳಿ 1881-82ರಲ್ಲಿ ಹಂತಹಂತವಾಗಿ ಬಂದದ್ದು. ಒಂದು ಮೀಟರ್ ಅಗಲದ್ದು. ಮದರಾಸಿನ ಕಡೆಯಿಂದ 1864ರಲ್ಲಿಯೇ ಕಂಟೋನ್ಮೆಂಟಿಗೆ ಬಂದಿದ್ದ ಹಳಿ ಅಗಲವಾದದ್ದು. ಎರಡೂ ಕೂಡುವಂತಿರಲಿಲ್ಲ. ಒಂದು ವ್ಯಾಗನ್ನಿನ ಮೂಟೆಗಳನ್ನು ಇಳಿಸಿ, ಕೂಲಿಗಳ ಬೆನ್ನಿನ ಮೇಲೆ ಹೊರಿಸಿ, ಇನ್ನೊಂದಕ್ಕೆ ತುಂಬಬೇಕು. ಊರಿಗೆ ಬಂದ ಸರಕೆಲ್ಲ ಹೀಗೆ ಒಮ್ಮೆ ಮನುಷ್ಯನ ಬೆನ್ನನ್ನು ಮುಟ್ಟಿಯೇ ಮುಂದೆ ಹೋಗಬೇಕಿತ್ತು. ಆ ಕಾಲದಲ್ಲಿ ಗವಿಪುರದಲ್ಲಿ ರಾತ್ರಿಯ ಹೊತ್ತು ಈಗಿನ ಗದ್ದಲವಿರಲಿಲ್ಲ. ಗಾಳಿ ಬಿನ್ನಿಮಿಲ್ಲಿನ ಕಡೆಯಿಂದ ಬೀಸಿದರೆ ಮೈಸೂರು ಲೈನಿನ ಎಂಜಿನ್ನಿನ ಕೂಗು ಕೆಂಪಾಂಬುಧಿ ಕೆರೆಯನ್ನು ದಾಟಿ ನಮ್ಮ ಮನೆಗೆ ಕೇಳುತ್ತಿತ್ತು. ಅಮ್ಮ ಆ ಕೂಗಿಗೆ ಎದ್ದು ಒಲೆಯ ಬೂದಿ ಕೆದಕಿ ಅನ್ನ ಬಿಸಿಗಿಡುತ್ತಿದ್ದಳು. ಎಷ್ಟೋ ಸಲ ಅದು ಬೇರೆ ಯಾರದೋ ಗಾಡಿ. ಅನ್ನ ಮತ್ತೆ ಆರುತ್ತಿತ್ತು.

1963ರ ಆಷಾಢ. ನನಗೆ ಹದಿಮೂರು. ಅಣ್ಣನ ತಾಯಿ, ನಮ್ಮ ಅಜ್ಜಿ, ಹಾಸಿಗೆ ಹಿಡಿದು ಹದಿನೈದು ದಿನವಾಗಿತ್ತು. ಅಣ್ಣ ಮೈಸೂರಿನ ಕಡೆಗೆ ಹೋಗಿದ್ದರು. ರಾತ್ರಿ ಹತ್ತರೊಳಗೆ ಬರುವೆನೆಂದಿದ್ದರು. ಸಂಜೆಗೆ ಅಜ್ಜಿಗೆ ಜಾಸ್ತಿಯಾಯಿತು. ಚಿಕ್ಕಪ್ಪ ಸೈಕಲ್ಲಿನಲ್ಲಿ ಸಿಟಿ ಸ್ಟೇಷನ್ನಿಗೆ ಹೋಗಿ, ಕಂಟ್ರೋಲ್ ಮೂಲಕ ಸುದ್ದಿ ಕಳಿಸಿ ಬಂದರು. ಅಜ್ಜಿ ಎಚ್ಚರವಿದ್ದಷ್ಟು ಹೊತ್ತೂ "ಬಂದನೇನೋ?" ಎನ್ನುತ್ತಿದ್ದರು. ಹತ್ತಾಯಿತು, ಹನ್ನೆರಡಾಯಿತು. ಬೆಳಗಿನ ಜಾವ ಅಜ್ಜಿ ಹೋದರು. ಮಧ್ಯಾಹ್ನ ಹನ್ನೆರಡರವರೆಗೆ ಕಾದರು. ಹಿರಿಯರು ಇನ್ನು ಇಟ್ಟುಕೊಳ್ಳಬಾರದೆಂದರು. ಸಂಸ್ಕಾರವನ್ನು ಚಿಕ್ಕಪ್ಪ ಮುಗಿಸಿ ಬಂದು ಜಗಲಿಯ ಮೇಲೆ ಒದ್ದೆ ಪಂಚೆಯಲ್ಲಿ ಕುಳಿತಿದ್ದಾಗ, ಮೂರು ಗಂಟೆಯ ಹೊತ್ತಿಗೆ ಅಣ್ಣ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಅಂಗಿಯ ತುಂಬ ಮಸಿ, ಎಣ್ಣೆ. ಜಗಲಿಯನ್ನು ನೋಡಿದರು. ಗೊತ್ತಾಯಿತು.

"ಸುದ್ದಿ ಮುಟ್ಟಲಿಲ್ವೇ ಅಣ್ಣಯ್ಯ?" ಎಂದರು ಚಿಕ್ಕಪ್ಪ.

"ಮುಟ್ಟಿತು."

"ಮತ್ತೆ?"

"ಹಾಟ್ ಆಕ್ಸಲ್ ಆಯಿತು."

ಚಿಕ್ಕಪ್ಪ ಬ್ಯಾಂಕಿನಲ್ಲಿದ್ದವರು. ಅವರಿಗೆ ಆ ಎರಡು ಪದಗಳು ಅರ್ಥವಾಗಲಿಲ್ಲ. ಅರ್ಥವಾಗದ ಪದವನ್ನು ಕೇಳಿದ ಮನುಷ್ಯ, ಅದರಲ್ಲೂ ದುಃಖದಲ್ಲಿರುವವನು, ಅದನ್ನು ನೆಪವೆಂದೇ ತಿಳಿಯುತ್ತಾನೆ. ಆ ಮೇಲೆ ಹದಿನೇಳು ವರ್ಷ ಅಣ್ಣ ತಮ್ಮಂದಿರು ಮದುವೆ ಮುಂಜಿಗಳಲ್ಲಿ ಎದುರಾದಾಗಲೂ ಬಂದಿರಾ, ಹೊರಟಿರಾ ಎನ್ನುವುದಕ್ಕಿಂತ ಹೆಚ್ಚು ಮಾತನಾಡಲಿಲ್ಲ. ನಾನೂ, ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಚಿಕ್ಕಪ್ಪನ ಕಡೆಯೇ ಇದ್ದೆ. ಮಂಡ್ಯದಿಂದ ಬೆಂಗಳೂರಿಗೆ ಬರಲು ಒಂದು ರಾತ್ರಿ, ಒಂದು ಬೆಳಗು ಬೇಕೆ? ಅಣ್ಣ ಯಾವುದೋ ಸ್ಟೇಷನ್ನಿನಲ್ಲಿ ಮಲಗಿ ನಿದ್ರೆ ಹೋಗಿದ್ದರೆಂದೇ ನನ್ನ ಮನಸ್ಸು ತೀರ್ಮಾನಿಸಿತ್ತು. ಅವರು ಎಂದೂ ಸಮಜಾಯಿಷಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಅಣ್ಣ 1977ರಲ್ಲಿ ನಿವೃತ್ತರಾದರು. 1979ರಲ್ಲಿ ಮೈಸೂರಿನಲ್ಲಿ ರೈಲ್ವೆ ಮ್ಯೂಸಿಯಂ ತೆರೆದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. 1899ರ ಮಹಾರಾಣಿಯವರ ಸಲೂನ್ ಗಾಡಿ ಅಲ್ಲಿದೆ. ಅಡುಗೆಮನೆ, ಊಟದ ಕೋಣೆ, ಸ್ನಾನದ ಮನೆ ಎಲ್ಲ ಒಳಗೇ. ಜನ ಬಾಯಿಬಿಟ್ಟು ನೋಡುತ್ತಿದ್ದರು. ಅಣ್ಣ ಒಂದು ಸುತ್ತು ಬಂದು, ಬಗ್ಗಿ ಗಾಲಿಯ ಬಳಿಯ ಪೆಟ್ಟಿಗೆಯನ್ನು ನೋಡಿ, "ಇದಕ್ಕೂ ಎಣ್ಣೆ ಹಾಕಬೇಕಾಗಿತ್ತು" ಎಂದಷ್ಟೇ ಹೇಳಿ ಮುಂದೆ ಹೋದರು. ಮಹಾರಾಣಿಯ ಗಾಡಿಯಾದರೇನು, ಎಣ್ಣೆ ಹಾಕದಿದ್ದರೆ ನಿಲ್ಲುತ್ತಿತ್ತು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ. 1986ರಲ್ಲಿ ಅಣ್ಣ ತೀರಿಕೊಂಡರು.

ಇಷ್ಟರಲ್ಲಿ ಮೀಟರ್ ಗೇಜಿನ ಕಾಲವೂ ತೀರುತ್ತ ಬಂತು. 1992ರಲ್ಲಿ ಏಕರೂಪದ ಗೇಜಿನ ಯೋಜನೆ ಬಂದಮೇಲೆ ನಮ್ಮ ಭಾಗದ ಮೀಟರ್ ಗೇಜ್ ಹಳಿಗಳು ಒಂದೊಂದಾಗಿ ಅಗಲವಾದವು. ಹಳೆಯ ನಾಲ್ಕು ಗಾಲಿಯ ಡಬ್ಬಿಗಳು ಸೈಡಿಂಗುಗಳಲ್ಲಿ ಮುಳ್ಳುಪೊದೆಗಳ ನಡುವೆ ಗುಜರಿಗೆ ಕಾಯುತ್ತ ನಿಂತವು. ರಜೆಯ ದಿನಗಳಲ್ಲಿ ನಾನು ಅಳತೆ ಟೇಪು, ಪುಸ್ತಕ ಹಿಡಿದು ಅವುಗಳ ಸಂಖ್ಯೆ ಬರೆದುಕೊಳ್ಳಲು ಹೋಗುತ್ತಿದ್ದೆ. ಸಂಗ್ರಹ ನಿಜವಾಗಿ ಸಂಗ್ರಹವಾದದ್ದು ಆಗ. ಮೀಟರ್ ಗೇಜಿನ ಮಾದರಿಗೆ 12 ಮಿಲಿಮೀಟರಿನ ಗಾಲಿಗಳು ಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಬಹಳಷ್ಟು ಮೀಟರ್ ಗೇಜೇ ಆದ್ದರಿಂದ ಅವುಗಳ ಮಾದರಿಯ ಗಾಲಿಗಳು ದೊರೆಯುತ್ತವೆ. ಹೀಗೆ ಆಲ್ಪ್ಸ್ ಪರ್ವತಕ್ಕೆಂದು ಮಾಡಿದ ಗಾಲಿಗಳ ಮೇಲೆ ಮದ್ದೂರಿನ ಡಬ್ಬಿಗಳು ಕುಳಿತವು. ಗುಜರಿಗೆ ಹೋಗದೆ ಬೇರೆ ಬಾಳು ಕಂಡ ಡಬ್ಬಿಗಳೂ ಉಂಟು. ಬ್ರಾಡ್ ಗೇಜಿನಲ್ಲಿ ವಯಸ್ಸಾದ ಪ್ರಯಾಣಿಕರ ಬೋಗಿಗಳ ಕಿಟಕಿಗಳನ್ನು ಮುಚ್ಚಿ, ಆಸನಗಳನ್ನು ಕಿತ್ತು, ಮೋಟಾರು ಕಾರುಗಳನ್ನು ಸಾಗಿಸಲು ಬಳಸುತ್ತಾರೆ; 'ಎನ್.ಎಂ.ಜಿ.' ಎಂದು ಅವಕ್ಕೆ ಹೆಸರು. ನಿವೃತ್ತಿಯ ನಂತರ ಟ್ಯೂಷನ್ ಹೇಳುವ ಮೇಷ್ಟರಂತೆ! ನನ್ನ ಬೀರುವಿನಲ್ಲಿ ಅಂಥದೊಂದಿದೆ, ನನ್ನ ಗೌರವಾರ್ಥ.

ಮೊದಲ ಬಾರಿ ನಿಯಮ ಮುರಿದದ್ದು ಮಗನ ದೆಸೆಯಿಂದ. ಒಂದು ಸಲ ಅವನು 'ಸಾಂತಾ ಫೇ' ಎಂಬ ಅಮೆರಿಕದ ರೈಲಿನ ಮುಚ್ಚಿದ ಡಬ್ಬಿಯ ಮಾದರಿಯೊಂದನ್ನು ಉಡುಗೊರೆ ತಂದ. ಬಹಳ ಅಂದವಾದದ್ದು. ಆದರೆ ನಾನು ನೋಡದ ವ್ಯಾಗನ್. ಮಗನ ಮನಸ್ಸು ನೋಯಬಾರದೆಂದು ಬೀರುವಿನೊಳಗೇ, ಆದರೆ ಕೆಳಗಿನ ಅರೆಯಲ್ಲಿ, 'ಅತಿಥಿಗಳು' ಎಂಬ ಚೀಟಿ ಅಂಟಿಸಿ ಇಟ್ಟೆ. 2009ರಲ್ಲಿ ಮಗನ ಮನೆಗೆ ಹೋದಾಗ ಒಂದು ಮಧ್ಯಾಹ್ನ ಗೇಟಿನ ಬಳಿ ಕಾರು ನಿಂತಿತು. ನೂರಕ್ಕೂ ಹೆಚ್ಚು ಡಬ್ಬಿಗಳ ಗಾಡಿ. ಸೊಸೆ ಮೊಬೈಲ್ ತೆಗೆದಳು. ನಾನು ಪುಸ್ತಕ ತೆಗೆದೆ. ಆ ಸಾಂತಾ ಫೇ ಕಂಪನಿ ಇನ್ನೊಂದರಲ್ಲಿ ವಿಲೀನವಾಗಿ ಹೆಸರು ಬದಲಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಮಧ್ಯದಲ್ಲಿ ಒಂದು, ಬಣ್ಣ ಮಾಸಿದ, ಪುಂಡ ಹುಡುಗರು ಏನೇನೋ ಗೀಚಿದ ಹಳೆಯ ಡಬ್ಬಿಯ ಮೇಲೆ ಅದೇ ಹೆಸರು ಕಂಡಿತು. ಊರಿಗೆ ಬಂದೊಡನೆ ಅತಿಥಿಯ ಚೀಟಿ ಕಿತ್ತು, ಮೇಲಿನ ಅರೆಗೆ ಬಡ್ತಿ ಕೊಟ್ಟೆ.

ಎರಡನೆಯ ಸಲ ಮುರಿದದ್ದು ಬ್ರೇಕ್ ವ್ಯಾನಿನ ವಿಷಯದಲ್ಲಿ. ಸಾಲಿನ ಕೊನೆಗೆ ಅಣ್ಣನ ಬ್ರೇಕ್ ವ್ಯಾನ್ ಇರಬೇಕೆಂದು ಆಸೆ. ರೂಪ ಗೊತ್ತಿತ್ತು, ಸಂಖ್ಯೆ ಗೊತ್ತಿರಲಿಲ್ಲ. ಮಾದರಿ ಮಾಡಿ, ಮನಸ್ಸಿಗೆ ತೋಚಿದ ಒಂದು ಸಂಖ್ಯೆಯನ್ನು, ಅಣ್ಣನ ಹುಟ್ಟಿದ ದಿನಾಂಕವನ್ನೇ, ಬರೆದುಬಿಟ್ಟೆ. ವಿದ್ಯಾರ್ಥಿ ಹೀಗೆ ಉತ್ತರ ಕಲ್ಪಿಸಿ ಬರೆದರೆ ಸೊನ್ನೆ ಕೊಡುತ್ತಿದ್ದವನು ನಾನು.

2010ರಲ್ಲಿ ಅಮ್ಮ ತೀರಿಕೊಂಡಳು. ಮರುವರ್ಷ ಅಟ್ಟ ಖಾಲಿ ಮಾಡುವಾಗ ಅಣ್ಣನ ತಗಡಿನ ಲೈನ್ ಬಾಕ್ಸ್ ಸಿಕ್ಕಿತು. ಅಮ್ಮ ಅದರಲ್ಲಿ ಹಳೆಯ ಪಂಚಾಂಗಗಳನ್ನು ತುಂಬಿದ್ದಳು. ತಳದಲ್ಲಿ ದಾರ ಕಟ್ಟಿದ ಗಾರ್ಡಿನ ರಫ್ ಜರ್ನಲ್ ಪುಸ್ತಕಗಳು, ಸುಮಾರು ಇಪ್ಪತ್ತು. ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು, ಯಾವ ಡಬ್ಬಿ ಕೂಡಿಸಿದರು, ಯಾವುದನ್ನು ಕತ್ತರಿಸಿದರು, ತಡ ಏಕಾಯಿತು ಎಲ್ಲವೂ ಅಣ್ಣನ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮೊದಲು ಹುಡುಕಿದ್ದು ಬ್ರೇಕ್ ವ್ಯಾನಿನ ಸಂಖ್ಯೆಯನ್ನು. ಪುಟಕ್ಕೊಂದು ಸಂಖ್ಯೆ. ಇಂದು ಒಂದು, ನಾಳೆ ಇನ್ನೊಂದು. ಯಾವ ಗಾಡಿಗೆ ಯಾವುದು ಬಂತೋ ಅದು. 'ಅಣ್ಣನ ಬ್ರೇಕ್ ವ್ಯಾನ್' ಎಂಬುದು ಎಂದೂ ಇರಲೇ ಇಲ್ಲ.

ಅನಂತರ 1963ರ ಪುಸ್ತಕ ತೆಗೆದೆ. ಕೈ ನಡುಗಿತೆಂದರೆ ಅತಿಶಯವಲ್ಲ.

ಮಂಡ್ಯ ಬಿಟ್ಟದ್ದು 17.35ಕ್ಕೆ. ಎರಡು ಗಂಟೆಯ ನಂತರ ಒಂದು ಸಣ್ಣ ನಿಲ್ದಾಣ. ಹೆಸರು ಇಲ್ಲಿ ಬೇಡ. 'ಹಾಟ್ ಆಕ್ಸಲ್. ವ್ಯಾಗನ್ 40716, ಬೆಲ್ಲ. ಹೊಗೆ. ಕತ್ತರಿಸಬೇಕು.' ಆಗಿನ ವ್ಯಾಗನ್ನುಗಳಿಗೆ ಈಗಿನಂತೆ ರೋಲರ್ ಬೇರಿಂಗ್ ಇರಲಿಲ್ಲ. ಅಚ್ಚಿನ ತುದಿ ಒಂದು ಲೋಹದ ಹಾಸಿನಡಿ ಉಜ್ಜಿಕೊಂಡು ತಿರುಗುವುದು. ಕೆಳಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ನೂಲಿನ ಉಂಡೆ. ಎಣ್ಣೆ ಒಣಗಿದರೆ ಉಜ್ಜಾಟಕ್ಕೆ ಅಚ್ಚು ಕಾದು ಕೆಂಪಾಗುತ್ತದೆ. ಹಾಗೆಯೇ ಓಡಿಸಿದರೆ ಅಚ್ಚು ಮುರಿದು ಗಾಡಿಯೇ ಹಳಿ ತಪ್ಪುತ್ತದೆ. ಆ ಡಬ್ಬಿ ಸಾಲಿನ ನಡುವೆ ಇತ್ತು. ಎಂಜಿನ್ ಅರ್ಧ ಗಾಡಿಯನ್ನು ಎಳೆದುಕೊಂಡು ಮುಂದೆ ಹೋಗಿ, ಹಿಂದೆ ಬಂದು, ಅದನ್ನು ಪಕ್ಕದ ಹಳಿಗೆ ತಳ್ಳಿ, ಮತ್ತೆ ಎಲ್ಲವನ್ನೂ ಕೂಡಿಸಬೇಕು. ಒಂಟಿ ಹಳಿ, ಪ್ರಯಾಣಿಕರ ಗಾಡಿಗಳಿಗೆಲ್ಲ ದಾರಿ ಬಿಡಬೇಕು. ಮುಂದಿನ ನಿಲ್ದಾಣದಲ್ಲಿ ಇನ್ನೊಂದು ಡಬ್ಬಿ ಬಿಸಿ. ಪ್ರತಿ ನಿಲ್ದಾಣದಲ್ಲೂ ಗಂಟೆಗಟ್ಟಲೆ ಲೂಪಿನಲ್ಲಿ. ಬೆಂಗಳೂರು ಯಾರ್ಡಿಗೆ ಬಂದದ್ದು ಮರುದಿನ 14.15ಕ್ಕೆ. ಸುಮಾರು 93 ಕಿಲೋಮೀಟರಿಗೆ 20 ಗಂಟೆ 40 ನಿಮಿಷ. ಅಭ್ಯಾಸಬಲದಿಂದ ಭಾಗಿಸಿ ನೋಡಿದೆ: ಗಂಟೆಗೆ ನಾಲ್ಕೂವರೆ ಕಿಲೋಮೀಟರ್. ಮನುಷ್ಯ ನಡೆಯುವ ವೇಗ. ಗಾಡಿಯನ್ನು ಬಿಟ್ಟು ನಡೆದುಕೊಂಡೇ ಬಂದಿದ್ದರೂ ಅಷ್ಟೇ ಹೊತ್ತಾಗುತ್ತಿತ್ತು. ಆದರೆ ಬದಲಿ ಬಾರದೆ ಗಾರ್ಡ್ ಗಾಡಿಯನ್ನು ಬಿಡುವಂತಿರಲಿಲ್ಲ.

ಇಂಗ್ಲಿಷಿನ ಸಾಲುಗಳ ನಡುವೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದೇ ಒಂದು ಸಾಲು ಕನ್ನಡದಲ್ಲಿತ್ತು. 'ಅಮ್ಮನಿಗೆ ಜಾಸ್ತಿ. ಕಂಟ್ರೋಲಿನಿಂದ ಸುದ್ದಿ. 22.15.' ಅದರ ಕೆಳಗೆ ಎಂದಿನ ಅಕ್ಷರದಲ್ಲಿ: 'ಎಂಜಿನ್ ನೀರು ತೆಗೆದುಕೊಂಡಿತು. 23.05.'

ಮರುದಿನ ಆ ಪುಸ್ತಕವನ್ನು ಹಿಡಿದುಕೊಂಡು ಹನುಮಂತನಗರದ ಚಿಕ್ಕಪ್ಪನ ಮನೆಗೆ ನಡೆದು ಹೋದೆ. ಅವರಿಗೆ ಎಂಬತ್ತೆಂಟು. ಭೂತಗನ್ನಡಿ ಹಿಡಿದು ಪುಟವನ್ನು ಓದಿದರು. ಮತ್ತೆ ಮೊದಲಿನಿಂದ ಓದಿದರು. ಹಾಟ್ ಆಕ್ಸಲ್ ಎಂದರೇನೆಂದು ಕೇಳಿದರು. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು.

"ಇದನ್ನ ಆವತ್ತೇ ತೋರಿಸಿದ್ದರೆ ಆಗ್ತಿತ್ತಲ್ಲೋ ಅವನು," ಎಂದರು.

"ಅಣ್ಣ ತೋರಿಸೋವರಲ್ಲ ಚಿಕ್ಕಪ್ಪ."

"ಹೂಂ. ನಾನೂ ಕೇಳೋವನಲ್ಲ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ನೀನು ಏನೋ ರೈಲು ಡಬ್ಬಿ ಮಾಡ್ತೀಯಂತಲ್ಲ. ಇದನ್ನ ಮಾಡು. ಈ ಬೆಲ್ಲದ್ದನ್ನ."

ಕಾಣದ ವ್ಯಾಗನ್ನನ್ನು ಮಾಡುವುದಿಲ್ಲವೆಂಬ ನಿಯಮವನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಸಂಖ್ಯೆಯನ್ನಂತೂ ಅಣ್ಣ ಕಣ್ಣಾರೆ ನೋಡಿ ಬರೆದಿದ್ದರು, ಅಷ್ಟು ಸಾಕೆಂದುಕೊಂಡೆ. ಇದನ್ನು ಮೂರನೆಯ ಉಲ್ಲಂಘನೆಯೆಂದು ಎಣಿಸುವವರು ಎಣಿಸಲಿ. ನನ್ನ ಹಳೆಯ ಶಿಷ್ಯನೊಬ್ಬ ಯಲಹಂಕದ ಗಾಲಿ ಕಾರ್ಖಾನೆಯಲ್ಲಿದ್ದ. 1984ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಸವೆದು ಬಂದ ಹಳೆಯ ಗಾಲಿಗಳನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟಿನ ಅಚ್ಚಿಗೆ ತುಂಬಿ ಹೊಸ ಗಾಲಿ ಎರಕ ಹೊಯ್ಯುವುದನ್ನು ಅವನು ಒಮ್ಮೆ ತೋರಿಸಿದ್ದ. ಹಳೆಯ ಕಾಲದ ಆಕ್ಸಲ್ ಬಾಕ್ಸಿನ ಒಳರೂಪವನ್ನು ಅವನೇ ನಕ್ಷೆ ಬರೆದು ಕಳಿಸಿದ. ನನ್ನ ಉಳಿದ ಯಾವ ಮಾದರಿಯಲ್ಲೂ ಇಲ್ಲದಂತೆ ಈ ಒಂದರಲ್ಲಿ ಆಕ್ಸಲ್ ಬಾಕ್ಸಿನ ಮುಚ್ಚಳಗಳು ತೆರೆಯುತ್ತವೆ. ನಾಲ್ಕರೊಳಗೂ ಹತ್ತಿಯ ನೂಲಿಟ್ಟು, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ತೊಟ್ಟು ಬಿಟ್ಟೆ. 40716 ಎಂದು ಬರೆದೆ. ಆಮೇಲೆ ಬ್ರೇಕ್ ವ್ಯಾನಿನ ಸುಳ್ಳು ಸಂಖ್ಯೆಯನ್ನು ಕೆರೆದು, ಆ ರಾತ್ರಿಯ ಪುಟದಲ್ಲಿದ್ದ ಸಂಖ್ಯೆಯನ್ನು ಹಾಕಿದೆ.

ವ್ಯಾಗನ್ನನ್ನು ತೋರಿಸಲು ಒಯ್ದಾಗ ಚಿಕ್ಕಪ್ಪ ಮುಚ್ಚಳ ತೆರೆದು, ಬೆರಳಿಂದ ಒಳಗೆ ಮುಟ್ಟಿ, ಎಣ್ಣೆ ಅಂಟಿದ ಬೆರಳನ್ನು ನೋಡಿಕೊಂಡರು. "ಇದು ಇಲ್ಲೇ ಇರಲಿ," ಎಂದರು. ಇರಲಿ ಎಂದೆ. 2013ರಲ್ಲಿ ಅವರು ಹೋಗುವವರೆಗೂ ಅದು ಅವರ ಮಂಚದ ಪಕ್ಕದ ಗೂಡಿನಲ್ಲಿ, ವಿಭೂತಿಯ ಬಟ್ಟಲಿನ ಜೊತೆಯಲ್ಲಿತ್ತು. ಈಗಲೂ ಆ ಮನೆಯಲ್ಲಿಯೇ ಇದೆ. ನನ್ನ ಬೀರುವಿನಲ್ಲಿ ಅದರ ಸ್ಥಳ, ಬ್ರೇಕ್ ವ್ಯಾನಿನಿಂದ ಹನ್ನೊಂದನೆಯದು, ಖಾಲಿ; ಅರವತ್ತನಾಲ್ಕು ಎಂದೆನಲ್ಲ, ಅದನ್ನು ಬಿಟ್ಟು.

ಮೊನ್ನೆ ಆ ಮನೆಯಿಂದ ಫೋನು ಬಂದಿತ್ತು. ಚಿಕ್ಕಪ್ಪನ ಮರಿಮಗ ಅದನ್ನು ನೆಲದ ಮೇಲೆ ಓಡಿಸಿ ಒಂದು ಗಾಲಿ ಕಳಚಿಹೋಗಿದೆಯಂತೆ, ಬೈಯಬೇಡಿ ಎಂದು ಸೊಸೆ ಸಂಕೋಚದಿಂದ ಹೇಳಿದಳು. ಹನ್ನೆರಡು ಮಿಲಿಮೀಟರಿನ ಜೋಡಿ ಇನ್ನೆರಡು ಉಳಿದಿವೆ. ಭಾನುವಾರ ಅವನ್ನೂ, ಎಣ್ಣೆಯ ಸೀಸೆಯನ್ನೂ ತೆಗೆದುಕೊಂಡು ಹೋಗಬೇಕು.